ಹಲಗೆಯ ಕೆಳಗಿನ ನೀರು

ಒಂದು ಹಲಗೆ ಎತ್ತಿ ಕೆಳಗೆ ನೋಡುವುದಕ್ಕೆ ಎಷ್ಟು ಹೊತ್ತು ಬೇಕು? ಅರ್ಧ ನಿಮಿಷ. ಬಗ್ಗಬೇಕು, ಹಿತ್ತಾಳೆಯ ಬಳೆಗೆ ಬೆರಳು ತೂರಿಸಬೇಕು, ಎತ್ತಬೇಕು, ಟಾರ್ಚು ಬಿಡಬೇಕು, ಮತ್ತೆ ಮುಚ್ಚಬೇಕು. ಸೊಂಟ ಹಿಡಿದುಕೊಂಡ ಅರವತ್ತೊಂದರ ಮನುಷ್ಯನಿಗಾದರೆ ಒಂದು ನಿಮಿಷ ಎಂದೇ ಇಟ್ಟುಕೊಳ್ಳೋಣ. ಕೊಲ್ಲಂ ಬಂದರು ಬಿಟ್ಟು ಎರಡು ತಾಸಾಗಿತ್ತು. ತಂಗಶ್ಶೇರಿಯ ದೀಪಸ್ತಂಭ ಹಿಂದೆ ಬೆರಳುದ್ದವಾಗಿತ್ತು. ಹಯವದನ ಚುಕ್ಕಾಣಿಯ ಪಕ್ಕದಲ್ಲಿ ಕೂತು ಇದೇ ಲೆಕ್ಕವನ್ನು ನೂರನೆಯ ಸಲ ಹಾಕುತ್ತಿದ್ದ. ಕೆಳಗಿನ ಪುಟ್ಟ ಕೋಣೆಯಿಂದ ಹಲಗೆ ಎತ್ತಿದ ಸದ್ದು ಬಂತು. ಮತ್ತೆ ಹಲಗೆ ಕೂತ ಸದ್ದು. "ಒಣ," ಎಂದು ಉಪೇಂದ್ರ ಪೈ ಒಳಗಿನಿಂದಲೇ ಹೇಳಿದ. ಎಂಟು ದಿನದಿಂದ ಅರ್ಧ ತಾಸಿಗೊಮ್ಮೆ, ದೋಣಿ ಸಾಗುತ್ತಿರಲಿ ನಿಂತಿರಲಿ, ಅವನು ಹೀಗೆ ಹಲಗೆ ಎತ್ತಿ ನೋಡುತ್ತಿದ್ದ. ಕಣ್ಣು ಗುಲಗಂಜಿಯ ಹಾಗೆ ಕೆಂಪಾಗಿದ್ದವು. ಅವನು ಒಣ ಎಂದಾಗಲೆಲ್ಲ ಹಯವದನ ಸಮುದ್ರದ ಕಡೆ ಮುಖ ತಿರುಗಿಸುತ್ತಿದ್ದ.

ದೋಣಿಯ ಹೆಸರು ಸರೋಜ. ಮೂವತ್ತು ಅಡಿಯ ಹಳೆಯ ಹಾಯಿದೋಣಿ, ಗಾಳಿ ಇಲ್ಲದಾಗ ದೂಡುವುದಕ್ಕೆ ಒಂದು ಸಣ್ಣ ಇಂಜಿನ್. ಗಂಗೊಳ್ಳಿಯಲ್ಲಿ ಹುಟ್ಟಿ, ಬ್ಯಾಂಕಿನ ಕೆಲಸಕ್ಕೆ ಎರ್ನಾಕುಳಂಗೆ ಬಂದು, ಮ್ಯಾನೇಜರಾಗಿ ನಿವೃತ್ತನಾಗಿ ಅಲ್ಲೇ ಬೇರುಬಿಟ್ಟ ಉಪೇಂದ್ರ ಅದನ್ನು ಕೊಂಡು, ಹೆಂಡತಿಯ ಹೆಸರಿಟ್ಟಿದ್ದ. ಹೆಸರಿಟ್ಟರಾದರೂ ಹತ್ತುತ್ತಾಳೇನೋ ಅಂದುಕೊಂಡೆ, ಹತ್ತಲಿಲ್ಲ ಮಾರಾಯ್ರೆ, ಎಂದು ಎಲ್ಲ ಬಂದರಿನಲ್ಲೂ ಹೇಳಿ ಎಲ್ಲರನ್ನೂ ನಗಿಸುತ್ತಿದ್ದ. ಹಯವದನ ಮೈಸೂರಿನವನು. ಮೂವತ್ನಾಲ್ಕು ವರ್ಷ ಕೊಚ್ಚಿಯ ಒಂದು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗೋದಾಮುಗಳ ತಪಾಸಣೆಯ ರಿಜಿಸ್ಟರು ಬರೆದವನು. ಕಿಟಕಿಯಲ್ಲಿ ದಿನವೂ ಹಡಗು ಕಂಡವನು, ಒಂದನ್ನೂ ಹತ್ತದವನು. ಕನ್ನಡ ಸಂಘದಲ್ಲಿ ಇಪ್ಪತ್ತು ವರ್ಷ ಜೊತೆಯಾಗಿ ಕುರ್ಚಿ ಜೋಡಿಸಿದ ಸ್ನೇಹ. ಕಾರವಾರದಿಂದ ತಿರುವನಂತಪುರದ ವಿಳಿಞ್ಞಂವರೆಗೆ ಹೋಗುವಾ, ಮೂರು ವಾರ, ಇಬ್ಬರೇ ಎಂದು ಉಪೇಂದ್ರ ಕೇಳಿದಾಗ ಹೂಂ ಎಂದುಬಿಟ್ಟಿದ್ದ. ಹೂಂ ಎಂದದ್ದು ತನ್ನ ಬಾಯೇ ಎಂದು ಅವನಿಗೆ ಈಗಲೂ ಆಶ್ಚರ್ಯ.

ಈ ಮೂರು ವಾರದಲ್ಲಿ ಅವನಿಗೆ ಸಿಕ್ಕಿದ್ದನ್ನು ಯಾವ ರಿಜಿಸ್ಟರಿನಲ್ಲೂ ಬರೆಯಲಾಗುವುದಿಲ್ಲ. ದೋಣಿ ದಡಕ್ಕೆ ಬರುವಾಗ ಹಗ್ಗ ಎಸೆದರೆ ಹಿಡಿಯುವುದಕ್ಕೆ ಒಂದು ಕೈ ಇರುತ್ತದೆ: ಇದನ್ನು ಅವನು ಇಷ್ಟು ವಯಸ್ಸಿಗೆ ಕಲಿತ. ಯಾರ ಕೈ, ಯಾವ ಜಾತಿ, ಯಾವ ಪಕ್ಷ, ಕೇಳುವ ಹಾಗಿಲ್ಲ. ಹಿಡಿದವನು ಮೊದಲು ಗೂಟಕ್ಕೆ ಕಟ್ಟುತ್ತಾನೆ, ಆಮೇಲೆ ಊಟವಾಯಿತೇ ಎನ್ನುತ್ತಾನೆ. ತೋಟ್ಟಪ್ಪಳ್ಳಿಯಲ್ಲಿ ಒಬ್ಬಾತ ತನ್ನ ದೋಣಿ ಸರಿಸಿ ಇವರಿಗೆ ನೆರಳಿನ ಜಾಗ ಬಿಟ್ಟುಕೊಟ್ಟ. ಕೊಲ್ಲಂನಲ್ಲಿ ನಿನ್ನೆ ಸಂಜೆ ಮೀನು ಹರಾಜಿನ ಕಟ್ಟೆಯ ಮೇಲೆ ಕೂರಿಸಿ ಬೇಯಿಸಿದ ಕಪ್ಪ ಕೊಟ್ಟರು, ಮೀನು ತಿನ್ನದ ಈ ಸ್ವಾಮಿಗೆ ಚಟ್ನಿ ತರಲು ಒಬ್ಬರು ಮನೆಗೇ ಓಡಿದರು. ಈ ಮರಗೆಣಸನ್ನು ಅವನು ಮೂವತ್ತು ವರ್ಷ ಕ್ಯಾಂಟೀನಿನಲ್ಲಿ ದೂರ ಸರಿಸಿದ್ದ. ನಿನ್ನೆ ಎರಡು ಸಲ ಹಾಕಿಸಿಕೊಂಡು ತಿಂದ, ಕಣ್ಣಲ್ಲಿ ನೀರು ಬಂತು, ಮೆಣಸಿನಕಾಯಿ ಖಾರ ಎಂದ. ಅಲ್ಲೇ ಉಪೇಂದ್ರ ಅವರಿಗೆಲ್ಲ ಅವನನ್ನು ಪರಿಚಯಿಸಿದ್ದು. ಇವರು ನಮ್ಮ ಲೆಕ್ಕದ ಅಧಿಕಾರಿ. ಇವರು ತಾಸುತಾಸಿಗೂ ಪುಸ್ತಕ ಬರೆಯದೆ ಇದ್ದಿದ್ದರೆ ದೋಣಿ ಒಡೆದದ್ದೇ ನನಗೆ ಗೊತ್ತಾಗುತ್ತಿರಲಿಲ್ಲ, ನನ್ನ ಜೀವ ಉಳಿಸಿದ್ದು ಇವರು ಎಂದ. ಕಟ್ಟೆಯ ಮೇಲಿದ್ದ ಹತ್ತು ಮಂದಿ ಹಯವದನನನ್ನು ಗೌರವದಿಂದ ನೋಡಿದರು. ಅವನು ತಟ್ಟೆ ನೋಡಿದ.

ಪುಸ್ತಕದಲ್ಲಿ ಆರು ಕಾಲಂ. ಹೊತ್ತು, ಜಾಗ, ಗಾಳಿ, ಹಾಯಿ, ಇಂಜಿನ್, ಕೊನೆಯದು ತಳದ ನೀರು. ನೀವು ರಿಜಿಸ್ಟರಿನ ಮನುಷ್ಯ, ಇದು ನಿಮ್ಮ ಇಲಾಖೆ ಎಂದು ಉಪೇಂದ್ರ ಕಾರವಾರದಲ್ಲಿ ಒಪ್ಪಿಸಿದ್ದ. ಮೊದಲ ಹತ್ತು ದಿನ ಹಯವದನ ಪ್ರತಿ ತಾಸಿಗೂ ಇಳಿದು ಹಲಗೆ ಎತ್ತಿ ನೋಡಿದ. ಯಾವಾಗಲೂ ಒಣ. ಬೇಪೂರ್ ಬಿಟ್ಟ ಮೇಲೆ ಅಲೆ ಅಡ್ಡಬಡಿಯಿತು. ಕೆಳಗೆ ಬಗ್ಗಿದರೆ ಡೀಸೆಲ್ ವಾಸನೆ, ಹೊಟ್ಟೆ ತೊಳಸು. ಸುಟ್ಟ ಒಣಮೀನು ಕಚ್ಚಿಕೊಂಡು ಹಾಡು ಗುನುಗುವ ಉಪೇಂದ್ರನ ಮುಂದೆ ವಾಂತಿ ಮಾಡಿಕೊಳ್ಳುವುದಕ್ಕೆ ಮನಸ್ಸಾಗಲಿಲ್ಲ. ಹತ್ತು ದಿನ ಒಣಗಿದ್ದದ್ದು ಹನ್ನೊಂದನೆಯ ದಿನ ಯಾಕೆ ಒದ್ದೆಯಾಗುತ್ತದೆ? ಕೂತಲ್ಲೇ ಬರೆದ. ಎರಡನೆಯ ಸಲ ಬರೆಯುವಾಗ ಕೈ ತಡೆಯಲೂ ಇಲ್ಲ, ಕೈಗೆ ಅದು ಹಳೆಯ ಪರಿಚಯ. ಹುಣಸೂರಿನ ಕಡೆಯ ಕೆಂಪಣ್ಣ ಗೋದಾಮಿನ ಬೀಗದಕೈ ಇಟ್ಟುಕೊಂಡಿದ್ದ ಕಾಲದಲ್ಲಿ, ಒಂದು ಜೂನ್ ತಿಂಗಳು, ಹೀಗೇ ಕುರ್ಚಿಯಲ್ಲಿ ಕೂತು ವಾರಪೂರ್ತಿ ಸೋರಿಕೆ ಇಲ್ಲ ಎಂದು ಬರೆದದ್ದು. ಸೂರು ಸೋರಿ ಮೂಟೆ ನೆಂದಿದ್ದವು. ಸೂರು ಸೋರಿಲ್ಲ ಎಂದು ರಿಜಿಸ್ಟರು ಹೇಳಿದ ಮೇಲೆ ಕಿಟಕಿ ತೆಗೆದಿಟ್ಟವನು ಯಾರು? ತಪ್ಪು ಬೀಗದಕೈಯವನ ತಲೆಗೆ ಬಂತು, ಕೆಂಪಣ್ಣನಿಗೆ ತೂತ್ತುಕುಡಿಗೆ ವರ್ಗ. ಹೊರಡುವ ಹಿಂದಿನ ದಿನ ಅವನು ಹಯವದನನ ತ್ರಿಪ್ಪೂಣಿತ್ತುರದ ಮನೆಗೆ ಬಂದು, ಚಾಪೆಯ ಮೇಲೆ ಕೂತು ಕಾಫಿ ಕುಡಿದು, ಹೋಗಿ ಬತ್ತೀನಿ ಸ್ವಾಮಿ ಎಂದಷ್ಟೇ ಹೇಳಿ ಹೋದ. ಹಯವದನನ ಹೆಂಡತಿ ಸುಮಿತ್ರ ಅವನಿಗೆ ಬುತ್ತಿ ಕಟ್ಟಿಕೊಟ್ಟಳು. ಪಾಪ, ನಿಮ್ಮನ್ನ ಕಂಡರೆ ಎಷ್ಟು ಗೌರವ ಅವನಿಗೆ, ಎಂದಳು.

ಎಂಟು ದಿನದ ಹಿಂದೆ, ಬೆಳಗಿನ ಆರಕ್ಕೆ, ಕೊಚ್ಚಿ ಬಂದರಿನ ವಲ್ಲಾರ್ಪಾಡಂನ ಕ್ರೇನುಗಳು ಕಣ್ಣಿಗೆ ಬಿದ್ದ ಹೊತ್ತಿನಲ್ಲಿ ಕಾಫಿ ಮಾಡಲು ಕೆಳಗಿಳಿದ ಉಪೇಂದ್ರನ ಪಾದ ನೀರಿನಲ್ಲಿ ಮುಳುಗಿತು. ಚಪ್ಪಲಿಗಳು ತೇಲುತ್ತಿದ್ದವು. ಅವನು ಕೂಗಲಿಲ್ಲ. ಬಗ್ಗಿ ಒಂದು ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡ. ದೋಣಿಯವರು ಮೊದಲು ಮಾಡುವುದೇ ಅದು: ಸಪ್ಪೆಯಾದರೆ ಕುಡಿಯುವ ನೀರು ಚೆಲ್ಲಿದೆ, ಒರೆಸಿದರಾಯಿತು, ಉಪ್ಪಾದರೆ ಸಮುದ್ರ ಒಳಗೆ ಬರುತ್ತಿದೆ. "ಉಪ್ಪು," ಎಂದ ಉಪೇಂದ್ರ. ಆ ಮುಖ ಹಯವದನನಿಗೆ ಈ ಜನ್ಮದಲ್ಲಿ ಮರೆಯುವುದಿಲ್ಲ. ಇಬ್ಬರೂ ಸರದಿಯಲ್ಲಿ ಕೈಪಂಪು ಒತ್ತಿಕೊಂಡು ಫೋರ್ಟ್ ಕೊಚ್ಚಿಗೆ ಬಂದು ಬಿದ್ದರು. ಆಮೇಲೆ ಉಪೇಂದ್ರ ಪುಸ್ತಕ ತೆಗೆದ. ರಾತ್ರಿಯ ಲೆಕ್ಕ ಎರಡು ತಾಸಿಗೊಮ್ಮೆ: ನಾಲ್ಕು ಗಂಟೆಗೆ ಒಣ, ಆರಕ್ಕೆ ಪಾದ ಮುಳುಗುವಷ್ಟು. ಎರಡು ತಾಸಿನಲ್ಲಿ ಇಷ್ಟು ನೀರು ನುಗ್ಗಿದೆ ಎಂದರೆ ತಳದಲ್ಲಿ ಎಲ್ಲೋ ದೊಡ್ಡ ಬಿರುಕು ಬಿಟ್ಟಿದೆ, ದೋಣಿಯ ಆಯಸ್ಸು ಮುಗಿಯಿತು. ಹೇಳಬೇಕಿದ್ದದ್ದು ಆಗಲೇ. ಹಯವದನ ಬಾಯಿ ತೆರೆದ. ಬ್ಯಾಂಕಿನ ಕಡತದ ಹಾಗೆ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಉಪೇಂದ್ರ, ನೀವು ಬರೆದಿಟ್ಟದ್ದು ಪುಣ್ಯ ಎಂದ. ಬಾಯಿ ಮುಚ್ಚಿಕೊಂಡಿತು.

ಔಸೇಪ್ ಎಂಬ ದೋಣಿ ಬಡಗಿ, ಅವನ ಹೆಂಡತಿ ಮೇರಿ. ನೀರ ಅಂಚಿನಲ್ಲೇ ಎರಡು ಕೋಣೆಯ ಮನೆ, ಪಕ್ಕದಲ್ಲಿ ದೋಣಿಯನ್ನು ದಡಕ್ಕೆ ಎಳೆಯುವ ಹಳಿ. ಐದು ದಿನ ಆ ಮನೆ ಇವರದೇ ಆಯಿತು. ಹಯವದನ ಮೀನು ತಿನ್ನುವುದಿಲ್ಲ ಎಂದು ಕೇಳಿದ ಮೇರಿ ಮೇಲಿನ ಹಲಗೆಯಿಂದ ಹೊಸ ಮಡಕೆ ಇಳಿಸಿದಳು. ಅದರಲ್ಲಿ ಇದುವರೆಗೆ ಮೀನು ಬೆಂದಿಲ್ಲ ಎಂದು ಮುಚ್ಚಳ ತೆಗೆದು ತೋರಿಸಿದಳು. ದಿನವೂ ಪದಿಮುಗಂ ಎಂಬ ಮರದ ಚಕ್ಕೆ ಹಾಕಿ ಕುದಿಸಿದ ತಿಳಿಗೆಂಪು ನೀರನ್ನು ದೊಡ್ಡ ಲೋಟದಲ್ಲಿ ಕೊಡುತ್ತಿದ್ದಳು; ದಾಹಕ್ಕೆ ಒಳ್ಳೆಯದು, ಹೊಟ್ಟೆಗೂ ಒಳ್ಳೆಯದು ಸಾರ್. ಔಸೇಪ್ ಎರಡು ದಿನ ದೋಣಿಯ ಕೆಳಗೆ ಬೆನ್ನ ಮೇಲೆ ಮಲಗಿ ಅಂಗುಲ ಅಂಗುಲ ತಟ್ಟಿದ. ಸಿಕ್ಕಿದ್ದು ಒಂದೇ: ಇಂಜಿನ್ನಿನ ದಂಡ ತಳ ದಾಟಿ ಹೊರಹೋಗುವ ಕಡೆ ಸುತ್ತಿದ್ದ ಹಗ್ಗ ಸವೆದು ನೀರು ತೊಟ್ಟಿಕ್ಕುತ್ತಿತ್ತು. ಹಗ್ಗ ಬದಲಿಸಿದ, ತಳವನ್ನು ಸೋಪು ಹಾಕಿ ತೊಳೆದು ತಟ್ಟೆಯ ಹಾಗೆ ಮಾಡಿದ. ಆದರೆ ಈ ತೊಟ್ಟಿನಿಂದ ಎರಡು ತಾಸಿನಲ್ಲಿ ಅಷ್ಟು ನೀರು ಬರುವುದಿಲ್ಲ. ಪುಸ್ತಕ ಒಂದು ಹೇಳುತ್ತದೆ, ದೋಣಿ ಒಂದು ಹೇಳುತ್ತದೆ, ಎಂದ ಔಸೇಪ್. ಹೇಳುವಾಗ ಹಯವದನನ ಕಡೆ ನೋಡಲಿಲ್ಲ. ತೆಂಗಿನ ಗರಿಯ ಕಡೆ ನೋಡಿದ. ನೋಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಪುಸ್ತಕ ಬರೆದದ್ದು ನಮ್ಮ ಹಯವದನ ರಾಯರು, ಅದು ತಪ್ಪುವುದಿಲ್ಲ ಎಂದ ಉಪೇಂದ್ರ. ದೋಣಿಯೇ ಸುಳ್ಳು ಹೇಳುತ್ತಿದೆ, ಬಿರುಕು ಅಡಗಿಕೊಂಡಿದೆ. ಆ ಸಂಜೆಯೇ ಕೋವಳಂನ ಒಂದು ರೆಸಾರ್ಟಿಗೆ ಫೋನು ಮಾಡಿದ. ಹಳೆಯ ದೋಣಿಯನ್ನು ಹುಲ್ಲಿನ ಮೇಲೆ ನಿಲ್ಲಿಸಿ, ಮೇಲೆ ನಾಲ್ಕು ಮೇಜು ಹಾಕಿ, ಕಾಫಿ ಕೊಡುತ್ತಾರಂತೆ. ವಿಳಿಞ್ಞಂಗೆ ಬಂದು ಒಪ್ಪಿಸಿಕೊಳ್ಳುತ್ತೇವೆ ಎಂದರು. ದಡ ಬಿಡದೆ, ದಿನಕ್ಕಿಷ್ಟೇ ಎಂದು, ಕಣ್ಣಲ್ಲಿ ಕಣ್ಣಿಟ್ಟು ಅಲ್ಲಿಯವರೆಗೆ ತಲುಪಿಸಿಬಿಡುತ್ತೇನೆ, ಕಟ್ಟಿಕೊಂಡವಳನ್ನು ಅರ್ಧದಾರಿಯಲ್ಲಿ ಬಿಡಬಾರದು, ಎಂದು ನಕ್ಕ. ಮರುದಿನ ಸುಮಿತ್ರ ಮೆಟ್ರೋ ಹತ್ತಿ, ಆಮೇಲೆ ಫೆರ್ರಿಯಲ್ಲಿ ಪುಳಿಯೋಗರೆಯ ಡಬ್ಬಿ ಹಿಡಿದು ಬಂದಳು. ಮನೆಗೆ ಬನ್ನಿ, ಎರಡು ದಿನ ಮಲಗಿ ಎಂದಳು. ತನ್ನ ಮಂಚ, ತನ್ನ ಫ್ಯಾನು, ಮೆಟ್ರೋ ಇಳಿದರೆ ಹತ್ತು ನಿಮಿಷ. ಬರುವುದಿಲ್ಲ, ಪೈಗಳನ್ನು ಒಬ್ಬರನ್ನೇ ಬಿಟ್ಟು ಬರುವುದಿಲ್ಲ ಎಂದ. ಹೇಡಿ ಆ ಮಾತಿನ ಹಿಂದೆ ಅಡಗಿ ಕೂತಿದ್ದ. ಮನೆಗೆ ಹೋದರೆ ಸುಮಿತ್ರಳ ಮುಂದೆ ಬಾಯಿ ಬಿಟ್ಟೇನು ಎಂಬ ಭಯ. ಅವಳು ಹೆಮ್ಮೆಯಿಂದ ಮೇರಿಗೆ ಹರಕು ಮಲಯಾಳದಲ್ಲಿ, ನಮ್ಮವರು ಹಾಗೆಯೇ, ನಂಬಿದವರ ಕೈ ಬಿಡುವುದಿಲ್ಲ ಎಂದು ಹೇಳಿದಳು. ಹೊರಡುವ ಬೆಳಿಗ್ಗೆ ಮೇರಿ ಒಂದು ಕ್ಯಾನು ತುಂಬ ತನ್ನ ಕೆಂಪು ನೀರು ತುಂಬಿಸಿ ಕೆಳಗಿನ ಕೋಣೆಯಲ್ಲಿ ತಾನೇ ಇಟ್ಟು ಕಟ್ಟಿ ಹೋದಳು. ಈ ಋಣವನ್ನೆಲ್ಲ ತಾನು ಎಲ್ಲಿ ಇಟ್ಟುಕೊಳ್ಳುವುದು ಎಂದು ಹಯವದನನಿಗೆ ತಿಳಿಯಲಿಲ್ಲ.

ಬಿಸಿಲು ಏರಿತು. ಎಡಗಡೆ ವರ್ಕಲದ ಕೆಂಪು ಗುಡ್ಡದ ಗೋಡೆ ನಿಧಾನವಾಗಿ ಬಂದು ನಿಧಾನವಾಗಿ ಹೋಯಿತು. ಒಂದು ಕಟ್ಟುಮರ ಹತ್ತಿರ ಬಂತು. ಅದರಲ್ಲಿದ್ದ ಮುದುಕ ಏನೂ ಕೇಳದೆ ನಾಲ್ಕು ಬಂಗಡೆಯನ್ನು ಹಯವದನನ ತೊಡೆಯ ಮೇಲೆ ಎಸೆದು, ಕೈ ಬೀಸಿ, ದೂರವಾದ. ಮೈಸೂರಿನ ಆಚಾರ್ಯರ ಮೊಮ್ಮಗ ಬಂಗಡೆಗಳನ್ನು ಮಗು ಹಿಡಿದ ಹಾಗೆ ಹಿಡಿದುಕೊಂಡು ಕೂತ. ಉಪೇಂದ್ರನಿಗೆ ನಗು ಬರಬೇಕಿತ್ತು. ಅವನು ಹಿಂಬದಿಯಲ್ಲಿ ಮಂಡಿಯೂರಿ ಬಗ್ಗಿದ್ದ, ಕೈಯಲ್ಲಿ ಸ್ಕ್ರೂಡ್ರೈವರ್. ದೋಣಿಯ ಹಿತ್ತಾಳೆಯ ಹೆಸರಿನ ಫಲಕಕ್ಕೆ ನಾಲ್ಕು ಸ್ಕ್ರೂ. ಒಂದು ಬಿಚ್ಚಿ ಹಯವದನನ ಕಡೆ ಚಾಚಿದ, ಇಟ್ಟುಕೊಳ್ಳಿ ಎಂದ. ಎರಡನೆಯದು. ಹಯವದನ ಎರಡನ್ನೂ ಅಂಗಿಯ ಜೇಬಿಗೆ ಹಾಕಿಕೊಂಡ. "ಹೆಸರು ಮನೆಗೆ ಕೊಂಡುಹೋಗ್ತೇನೆ," ಎಂದ ಉಪೇಂದ್ರ, ತಲೆ ಎತ್ತದೆ. "ಸರೋಜನನ್ನ ಹುಲ್ಲಿನ ಮೇಲೆ ಕೂರಿಸಿ ಜನ ಕಾಫಿ ಕುಡಿಯೋದು ಬೇಡ." ಮೂರನೆಯ ಸ್ಕ್ರೂ ತುಕ್ಕು ಹಿಡಿದು ಗಟ್ಟಿಯಾಗಿತ್ತು. ಅವನು ಬಲ ಹಾಕಿದ. ಅವನ ಕತ್ತಿನ ನರ ಉಬ್ಬಿತು. ಬಿಳಿಯಾದ ಕತ್ತಿನ ಕೂದಲು, ಬೆವರು. ಹುಣಸೂರಿನ ಕೆಂಪಣ್ಣನಿಗೂ ಚಾಪೆಯಿಂದ ಏಳುವಾಗ ಕತ್ತು ಹೀಗೇ ಬೆವತಿತ್ತು.

"ಪೈಗಳೇ, ಅದನ್ನ ಬಿಚ್ಚಬೇಡಿ."

"ಯಾಕೆ?"

"ಬೇಪೂರ್ ಬಿಟ್ಟಮೇಲೆ ನಾನು ಹಲಗೆ ಎತ್ತೇ ಇಲ್ಲ. ಒಂದು ಸಲಾನೂ ಎತ್ತಿಲ್ಲ. ಕೂತಲ್ಲೇ ಒಣ ಅಂತ ಬರೆದೆ. ಆ ನೀರು ಎರಡು ತಾಸಲ್ಲಿ ಬಂದಿದ್ದಲ್ಲ, ಎರಡು ದಿನ ತೊಟ್ಟಿಕ್ಕಿದ್ದು. ಔಸೇಪ್ ಹೇಳಿದ್ದೇ ಸರಿ. ದೋಣಿಗೆ ಏನೂ ಆಗಿಲ್ಲ."

ಉಪೇಂದ್ರ ಸ್ಕ್ರೂಡ್ರೈವರನ್ನು ಮೆಲ್ಲಗೆ ಕೆಳಗಿಟ್ಟ. ಹಾಯಿ ಒಮ್ಮೆ ಬಡಿದು ಮತ್ತೆ ತುಂಬಿಕೊಂಡಿತು. ಬಯ್ಯಲಿ ಎಂದು ಹಯವದನ ಕಾಯುತ್ತಿದ್ದ. ಮೂವತ್ತು ವರ್ಷದಿಂದ ಒಂದು ಬೈಗುಳಕ್ಕೆ ಕಾದಿದ್ದೆನೇನೋ ಎನ್ನಿಸಿತು. ತೊಡೆಯ ಮೇಲೆ ಬಂಗಡೆಗಳು ಇನ್ನೂ ಇದ್ದವು.

"ಔಸೇಪ್ ಎರಡು ದಿನ ಕೆಸರಲ್ಲಿ ಮಲಗಿ ಬಿರುಕು ಹುಡುಕಿದ," ಎಂದ ಉಪೇಂದ್ರ. "ನೀವು ಅಲ್ಲೇ ಕೂತಿದ್ರಿ."

"ಕೂತಿದ್ದೆ."

ಉಪೇಂದ್ರನ ಭುಜ ಒಂದೊಂದಾಗಿ ಇಳಿದವು, ಎಂಟು ದಿನ ಹೊತ್ತದ್ದನ್ನು ಯಾರೋ ಇಳಿಸಿಕೊಂಡ ಹಾಗೆ. "ನನಗೆ ನಿಮ್ಮ ಮೇಲೆ ಸಿಟ್ಟು ಉಂಟು ರಾಯರೇ. ತುಂಬ ಉಂಟು. ಆದರೆ ಈಗ ಆಗೋದಿಲ್ಲ, ನಿದ್ದೆ ಬರ್ತಾ ಉಂಟು. ಎದ್ದಮೇಲೆ ಮಾಡ್ತೇನೆ. ದೋಣಿ ನೀವು ನೋಡಿ." ಕೆಳಗಿಳಿದವನು ಮಲಗಿದ್ದೇ ತಡ ಗೊರಕೆ ಕೇಳಿಸಿತು.

ದೋಣಿ ನೀವು ನೋಡಿ. ಹಯವದನನಿಗೆ ಮೊದಲು ಇದು ಶಿಕ್ಷೆ ಎನ್ನಿಸಿತು, ಆಮೇಲೆ ಅಲ್ಲ ಎನ್ನಿಸಿತು. ಇಂಥ ಮಾತು ಕೇಳಿದ ಮೇಲೂ ಒಬ್ಬ ಮನುಷ್ಯ ತನ್ನ ಜೀವವನ್ನು ಇವನ ಕೈಯಲ್ಲಿಟ್ಟು ಮಲಗಬಲ್ಲ. ಇದಕ್ಕಿಂತ ದೊಡ್ಡದನ್ನು ತನಗೆ ಯಾರೂ ಕೊಟ್ಟಿಲ್ಲ. ಅಂಚುತೆಂಗಿನ ದೀಪಸ್ತಂಭ ಪಕ್ಕಕ್ಕೆ ಬಂತು, ಮಧ್ಯಾಹ್ನದ ಗಾಳಿ ಬಲವಾಗಿ ದೋಣಿ ಒಂದು ಕಡೆಗೆ ವಾಲಿ ಓಡತೊಡಗಿತು. ಮೂರು ಗಂಟೆ ಆದಾಗ ಅವನು ಉಪೇಂದ್ರ ಕಲಿಸಿದ್ದ ಹಾಗೆ ಚುಕ್ಕಾಣಿಗೆ ಹಗ್ಗ ಬಿಗಿದು, ಸುತ್ತ ಯಾರೂ ಅಡ್ಡವಿಲ್ಲವೆಂದು ನೋಡಿ, ಕೆಳಗಿಳಿದ. ಬಗ್ಗಿದ. ಹೊಟ್ಟೆ ತೊಳಸಿತು, ತೊಳಸಲಿ. ಬಳೆಗೆ ಬೆರಳು ಹಾಕಿ ಹಲಗೆ ಎತ್ತಿ ಟಾರ್ಚು ಬಿಟ್ಟ.

ನೀರಿತ್ತು. ನಾಲ್ಕು ಬೆರಳಿನಷ್ಟು, ದೋಣಿ ವಾಲಿದ ಕಡೆಗೆ ಸರಿಯುತ್ತ, ತುಕ್ಕಿನ ಹಾಗೆ ಕೆಂಪಾಗಿ. ಹಾಗಾದರೆ ಬಿರುಕು ಇದೆ. ತನ್ನ ಸುಳ್ಳು ಪುಸ್ತಕವೇ ನಿಜ ಹೇಳಿತ್ತು. ಈಗತಾನೆ ಇವನನ್ನು ನಂಬಿಸಿ ಮಲಗಿಸಿದೆನಲ್ಲ. ಒಂದು ಕ್ಷಣ, ಆ ಕ್ಷಣಕ್ಕೆ ಅವನು ಮುಂದೆಂದೂ ತನ್ನನ್ನು ಕ್ಷಮಿಸಲಾರ, ಹಲಗೆ ಮುಚ್ಚಿಬಿಡೋಣ ಎನ್ನಿಸಿತು. ವಿಳಿಞ್ಞಂ ಇನ್ನು ನಾಲ್ಕು ತಾಸು. ದೋಣಿ ಅಲ್ಲಿಯವರೆಗೆ ತೇಲುತ್ತದೆ. ಒಣ ಎಂದು ಬರೆದರೆ ಯಾರು ಕೇಳುತ್ತಾರೆ? ಉಪೇಂದ್ರ ಬಾಯಿ ತೆರೆದುಕೊಂಡು ಮಲಗಿದ್ದ, ಒಂದು ಕೈ ಮಂಚದಿಂದ ಇಳಿಬಿದ್ದಿತ್ತು. ಆ ಕೈಯ ಬೆರಳಿನಲ್ಲೇ ಅವನು ಅಂದು ಉಪ್ಪು ನೋಡಿದ್ದು. ಹಯವದನ ತನ್ನ ಬೆರಳನ್ನು ನೀರಿಗೆ ಅದ್ದಿ ನಾಲಿಗೆಗೆ ಇಟ್ಟುಕೊಂಡ.

ಸಪ್ಪೆ. ಮತ್ತೆ ಅದ್ದಿದ. ಸಪ್ಪೆಯ ಹಿಂದೆ ಮರದ ಚಕ್ಕೆಯ ಒಂದು ಸಣ್ಣ ಒಗರು. ಅವನು ಟಾರ್ಚನ್ನು ಪಕ್ಕಕ್ಕೆ ತಿರುಗಿಸಿದ. ಮೂಲೆಯಲ್ಲಿ ಮೇರಿಯ ಕ್ಯಾನು ದೋಣಿಯ ಜೊತೆಗೇ ವಾಲಿಕೊಂಡಿತ್ತು; ಮುಚ್ಚಳ ಸಡಿಲ, ಮಧ್ಯಾಹ್ನ ನೀರು ಬಗ್ಗಿಸಿಕೊಂಡವನು ತಾನೇ; ಪ್ರತಿ ಅಲೆಗೂ ಒಂದು ಗುಟುಕು ಕೆಂಪು ನೀರು ಕ್ಯಾನಿನ ಬಾಯಿಂದ ಚೆಲ್ಲಿ ಹಲಗೆಯ ಸಂದಿಗೆ ಇಳಿಯುತ್ತಿತ್ತು. ಹಯವದನ ಒದ್ದೆ ನೆಲದ ಮೇಲೆ ಹಾಗೆಯೇ ಕೂತುಬಿಟ್ಟ. ನಗುವೋ ಅಳುವೋ ಅವನಿಗೇ ಗೊತ್ತಾಗಲಿಲ್ಲ; ಸದ್ದಾಗಬಾರದೆಂದು ಬಾಯಿಗೆ ಅಂಗೈ ಅಡ್ಡ ಹಿಡಿದುಕೊಂಡ. ಮುಚ್ಚಳ ಬಿಗಿದ, ಬಟ್ಟೆಯಲ್ಲಿ ತಳ ಒರೆಸಿ ಹಿಂಡಿದ. ಆಮೇಲೆ ಪುಸ್ತಕ ತೆಗೆದು ಬರೆದ: ಮೂರು ಗಂಟೆ. ತಳದ ನೀರು ನಾಲ್ಕು ಬೆರಳು. ರುಚಿ ನೋಡಿದೆ, ಉಪ್ಪಿಲ್ಲ. ಮೇರಿಯವರು ಕೊಟ್ಟ ಕುಡಿಯುವ ನೀರು, ಮುಚ್ಚಳ ನಾನು ಸರಿಯಾಗಿ ಹಾಕಿರಲಿಲ್ಲ. ಒರೆಸಿದೆ. ಕಾಲಂ ಸಾಲದೆ ಪಕ್ಕದ ಹಾಳೆಗೂ ಹೋಯಿತು. ನಾಲ್ಕು ಗಂಟೆಗೆ ಇಳಿದು ನೋಡಿದ, ಒಣ. ಐದಕ್ಕೆ ನೋಡಿದ, ಒಣ. ಹೀಗೆ ನೋಡಿ ಬರೆದ ಒಣ ಎಂಬ ಎರಡಕ್ಷರ ನೋಡದೆ ಬರೆದದ್ದಕ್ಕಿಂತ ಬೇರೆಯಾಗಿಯೇನೂ ಕಾಣಲಿಲ್ಲ. ಅದೇ ಅವನಿಗೆ ಭಯವಾದದ್ದು. ಕೆಂಪಣ್ಣನ ಮಗನ ನಂಬರು ಸುಮಿತ್ರಳ ಹಳೆಯ ಡೈರಿಯಲ್ಲಿ ಇರಬೇಕು.

ವಿಳಿಞ್ಞಂನ ಮಸೀದಿಯ ಮಿನಾರುಗಳೂ ಇಗರ್ಜಿಯೂ ಒಟ್ಟಿಗೆ ಕಂಡಾಗ ಅವನು ಉಪೇಂದ್ರನನ್ನು ಎಬ್ಬಿಸಿದ. ಉಪೇಂದ್ರ ಕಣ್ಣುಜ್ಜಿಕೊಂಡು ಮೊದಲು ಪುಸ್ತಕ ತೆಗೆದ. ಓದಿದ. ಹಯವದನನ ಕಡೆ ನೋಡಿದ. ಆಮೇಲೆ ಮಂಡಿಯೂರಿ, ಹಲಗೆ ಎತ್ತಿ, ತಳದ ಮೂಲೆಯಲ್ಲಿ ಉಳಿದಿದ್ದ ತೇವಕ್ಕೆ ಬೆರಳು ಒತ್ತಿ ನಾಲಿಗೆಗೆ ಇಟ್ಟುಕೊಂಡ. ನೋಡಿಯೇ ನೋಡಬೇಕು, ಅದೇ ಸರಿ, ಎಂದುಕೊಂಡ ಹಯವದನ, ಅವಮಾನವಾಗಲಿಲ್ಲ. ಉಪೇಂದ್ರ ಪೆನ್ನು ತೆಗೆದು ಮೂರು ಗಂಟೆಯ ಸಾಲಿನ ಕೆಳಗೆ, ಬ್ಯಾಂಕಿನಲ್ಲಿ ಹಾಕುತ್ತಿದ್ದ ಅದೇ ಉದ್ದ ಬಾಲದ ಸಹಿ ಹಾಕಿದ. ಕ್ಯಾನಿನ ತಳದಲ್ಲಿ ಎರಡು ಲೋಟದಷ್ಟು ಉಳಿದಿತ್ತು. ಬಗ್ಗಿಸಿ ಒಂದನ್ನು ಹಯವದನನಿಗೆ ಕೊಟ್ಟು ಒಂದನ್ನು ತಾನು ಕುಡಿದ.

ಕಟ್ಟೆಯ ಮೇಲೆ ನಾಲ್ಕೈದು ಜನ ಆಗಲೇ ಎದ್ದು ನಿಂತಿದ್ದರು. ಅವರಲ್ಲೊಬ್ಬ ಎಸೆ ಎಂದು ಕೈ ಚಾಚಿದ; ಹಯವದನ ಹಗ್ಗ ಎಸೆದ; ಆತ ಹಿಡಿದು ಗೂಟಕ್ಕೆ ಕಟ್ಟಿ, ಊಟವಾಯಿತೇ ಎಂದ. ಸ್ವಲ್ಪ ದೂರದಲ್ಲಿ ರೆಸಾರ್ಟಿನ ಹೆಸರು ಬರೆದ ಬಿಳಿ ವ್ಯಾನು ನಿಂತಿತ್ತು, ಇಬ್ಬರು ಇಳಿದು ಇತ್ತ ಬರುತ್ತಿದ್ದರು. ಉಪೇಂದ್ರ ಅವರನ್ನು ನೋಡಿದ, ಹಿಂಬದಿಯಲ್ಲಿ ಎರಡೇ ಸ್ಕ್ರೂವಿನ ಮೇಲೆ ವಾರೆಯಾಗಿ ಜೋತಿದ್ದ ಫಲಕವನ್ನು ನೋಡಿದ, ಬಗ್ಗಿ ಸ್ಕ್ರೂಡ್ರೈವರ್ ಎತ್ತಿಕೊಂಡ.

"ಸಿಟ್ಟು ಇನ್ನೂ ಉಂಟು," ಎಂದ. "ಸ್ಕ್ರೂ ಕೊಡಿ."

ಹಯವದನ ಜೇಬಿಗೆ ಕೈ ಹಾಕಿದ. ಎರಡೂ ಇದ್ದವು, ಅಷ್ಟು ಹೊತ್ತು ಎದೆಯ ಮೇಲಿದ್ದು ಬೆಚ್ಚಗಾಗಿದ್ದವು.